ನೆರಳಿಲ್ಲದ ಹೊತ್ತಿನ ಫೋಟೊ

ಫೋಟೊದಲ್ಲಿ ನೆರಳು ಬೀಳಬಾರದು ಎಂಬುದು ಕಂಪನಿಯ ನಿಯಮ. ನೆರಳು ಬೀಳದ ಹೊತ್ತು ಯಾವುದೆಂದು ಯಾರೋ ತಂಪಾದ ಕೋಣೆಯಲ್ಲಿ ಕೂತು ಯೋಚಿಸಿ, ಸೂರ್ಯ ನೆತ್ತಿಯ ಮೇಲೆ ಬಂದಾಗ ಎಂದು ಕಂಡುಹಿಡಿದಿದ್ದರು. ಆ ಸಂಶೋಧನೆಯ ಫಲವಾಗಿ ಆ ಬೇಸಿಗೆಯಲ್ಲಿ ನಮ್ಮ ಐದು ಜನ ಹೆಣ್ಣುಮಕ್ಕಳು ಮಟಮಟ ಮಧ್ಯಾಹ್ನ ಫೋನು ಹಿಡಿದುಕೊಂಡು ಬಾಳೆ, ಕಬ್ಬು, ಹಿಪ್ಪುನೇರಳೆ ತೋಟಗಳ ಬದುವಿನ ಮೇಲೆ ನಿಲ್ಲಬೇಕಾಯಿತು.

ಬೆಳೆಗಳ ಫೋಟೊ ಸಂಗ್ರಹಿಸಿ, ಗಿಡಕ್ಕೆ ಯಾವ ರೋಗ ಬಂದಿದೆಯೆಂದು ಕಂಪ್ಯೂಟರಿಗೆ ಕಲಿಸುತ್ತೇವೆಂದು ಹೇಳಿಕೊಳ್ಳುವ ಖಾಸಗಿ ಕಂಪನಿ ಅದು. ಗಿಡದ ಕಾಯಿಲೆ ಹಿಡಿಯಲು ಹೊರಟ ಈ ಮಹನೀಯರಿಗೆ ತಾವೇ ಕೊಟ್ಟ ಫೋನು ಸುಡುತ್ತಿರುವುದು ಕೊನೆಯವರೆಗೂ ತಿಳಿಯಲಿಲ್ಲ. ನನ್ನ ಕೆಲಸ ಕೊಳ್ಳೇಗಾಲದ ನಮ್ಮ ಮನೆಯಲ್ಲೇ. ಅಡುಗೆ ಮುಗಿಸಿ, ಊಟದ ಮೇಜು ಒರೆಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬಂದ ಫೋಟೊಗಳಲ್ಲಿ ಮಸುಕಾದವನ್ನು ಬೇರೆ ಮಾಡಿ ಉಳಿದವನ್ನು ಮೇಲಕ್ಕೆ ಕಳಿಸುವುದು. ಯಾರ ಫೋಟೊ ಬರಲಿಲ್ಲವೋ ಅವರಿಗೆ ಫೋನು ಮಾಡಿ ಕೇಳುವುದು. ಯಳಂದೂರಿನ ಕಡೆ ಇಬ್ಬರು, ಮಧುವನಹಳ್ಳಿ ಮತ್ತು ಕಾಮಗೆರೆಯಲ್ಲಿ ಒಬ್ಬೊಬ್ಬರು, ಹನೂರು ದಾಟಿ ಕಾಡಂಚಿನ ಒಂದು ತೋಟದ ಮನೆಯಲ್ಲಿ ಒಬ್ಬಳು. ಇದು ಆ ಕೊನೆಯವಳ ಕಥೆ. ಹನೂರಿನವಳು ಎಂದೇ ಕರೆಯುತ್ತೇನೆ.

ಅವಳು ಸ್ಕೂಟರ್ ಓಡಿಸಲು ಕಲಿತದ್ದೇ ಈ ಕೆಲಸಕ್ಕಾಗಿ. ಒಬ್ಬಳೇ ಹೊರಗೆ ತಿರುಗಲು ಅತ್ತೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಕೆಲಸದ ಜಾಗದಿಂದ ಒಂದು ದೂರು ಬಂದರೂ ಸ್ಕೂಟರಿನ ಬೀಗದ ಕೈ ಅತ್ತೆಯ ಸೊಂಟಕ್ಕೆ. ಇದನ್ನು ಅವಳು ನಗುತ್ತಲೇ ಹೇಳಿದ್ದಳು. ನಗುವಾಗ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೆ.

ಕಂಪನಿ ಕೊಟ್ಟ ಫೋನುಗಳನ್ನು ಒಮ್ಮೆ ವರ್ಣಿಸಬೇಕು. ಕಪ್ಪು ಬಣ್ಣ. ಅದರ ಮೇಲೆ ದಪ್ಪ ಕಪ್ಪು ರಬ್ಬರ್ ಕವರು. ಕವರಿನ ಮೇಲೆ ಕಂಪನಿಯ ಚಿಹ್ನೆ, ಆದ್ದರಿಂದ ಕವರು ತೆಗೆಯಬಾರದೆಂಬ ಇನ್ನೊಂದು ನಿಯಮ. ಫೋಟೊ ತೆಗೆಯುವ ಆ್ಯಪ್ ತೆರೆದರೆ ಜಾಗ ಗುರುತಿಸುವ ಜಿಪಿಎಸ್ ತಾನಾಗಿ ಶುರು. ಬಿಸಿಲಿನಲ್ಲಿ ಪರದೆ ಕಾಣಬೇಕೆಂದರೆ ಬೆಳಕನ್ನು ಪೂರ್ತಿ ಏರಿಸಬೇಕು. ಕಾಡಂಚಿನಲ್ಲಿ ಸಿಗ್ನಲ್ ಇಲ್ಲ, ಅದನ್ನು ಹುಡುಕುತ್ತಾ ಫೋನು ಒಳಗೊಳಗೇ ಏದುಸಿರು ಬಿಡುತ್ತದೆ. ಇಷ್ಟರ ಮೇಲೆ ನೆತ್ತಿಯ ಸೂರ್ಯ. ಚಪಾತಿ ಕಾವಲಿಗೂ ನಾವು ಇದಕ್ಕಿಂತ ಹೆಚ್ಚು ದಯೆ ತೋರಿಸುತ್ತೇವೆ, ನಡುನಡುವೆ ಉರಿ ಸಣ್ಣ ಮಾಡುತ್ತೇವೆ.

ಏಪ್ರಿಲ್ ಶುರುವಾಗುತ್ತಿದ್ದಂತೆ ಫೋಟೊಗಳಿಗೆ ಬರ ಬಂತು. ನಾಲ್ಕು ಜನರದ್ದು ಕಡಿಮೆಯಾದವು, ಹನೂರಿನವಳದ್ದು ಮಾತ್ರ ಬರುವುದೇ ನಿಂತಿತು.

“ಯಾಕಮ್ಮಾ?” ಎಂದು ಕೇಳಿದೆ.

“ಏನ್ ಮಾಡಾನ ಅಕ್ಕಾ, ನಾಲ್ಕ್ ಫೋಟೊ ತೆಗ್ಯೋ ಒತ್ಗೆ ಕೈ ಸುಡ್ತದೆ. ಆಮ್ಯಾಕೆ ಅದೇ ಆಫ್ ಆಯ್ತದೆ. ಮರದಡಿ ಕುಂತ್ಕಂಡು ಸೆರಗಲ್ಲಿ ಗಾಳಿ ಬೀಸ್ತೀನಿ. ಯಾರಾದ್ರೂ ಕಂಡ್ರೆ ಇವ್ಳಿಗೇನ್ ಬಂತು ಅಂತಾರೆ.”

ನಮ್ಮ ವಲಯದ ಅಧಿಕಾರಿ ಬೇರೊಂದು ಊರಿನ ಕಚೇರಿಯಲ್ಲಿದ್ದರು. ನನಗಿಂತ ಬಹಳ ಚಿಕ್ಕ ವಯಸ್ಸು. ಫೋನಿನಲ್ಲಿ ಅವರ ಮಾತಿನ ಹಿಂದೆ ಎ.ಸಿ. ಯಂತ್ರದ ಗುಂಯ್ ಸದ್ದು ಯಾವಾಗಲೂ ಕೇಳಿಸುತ್ತಿತ್ತು. ಅವರಿಗೆ ವಿಷಯ ಹೇಳಿದೆ.

“ರೀಸ್ಟಾರ್ಟ್ ಮಾಡೋಕೆ ಹೇಳಿ ಮೇಡಂ.”

“ಅದು ತಾನಾಗೇ ಆಫ್ ಆಗ್ತಿದೆ ಸರ್. ಬಿಸಿಲಿಗೆ.”

“ಬಿಸಿಲು ಎಲ್ರಿಗೂ ಒಂದೇ ಅಲ್ವಾ? ಈ ಹೆಂಗಸ್ರು ಕೆಲಸದ ಫೋನಲ್ಲಿ ರೀಲ್ಸ್ ನೋಡ್ತಾರೆ. ಅದಕ್ಕೆ ಹೀಟ್ ಆಗತ್ತೆ. ಸ್ವಲ್ಪ ಗದರಿಸಿ. ನೀವು ತುಂಬಾ ಸಾಫ್ಟು.”

ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದರು, ದನಿ ಏರಿಸಬಾರದು, ಎದುರಿನವರು ಮಾತು ಮುಗಿಸುವವರೆಗೆ ಕಾಯಬೇಕು ಎಂದು. ನಾನು ಕಾದೆ. ಕಾಯುವುದರಲ್ಲಿ ಒಂದು ಅನುಕೂಲವಿದೆ, ಎದುರಿನವರು ಎಷ್ಟು ದಡ್ಡರು ಎಂಬುದು ಪೂರ್ತಿ ತಿಳಿಯುತ್ತದೆ. ಬಿಸಿಲು ಎಲ್ಲರಿಗೂ ಒಂದೇ ಎಂದವರು ಬಿಸಿಲಿನಲ್ಲಿ ನಿಂತಿರಲಿಲ್ಲ.

ಸಲಹೆಗಳಿಗೇನೂ ಕೊರತೆ ಇರಲಿಲ್ಲ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಫ್ರಿಜ್‌ನಲ್ಲಿ ಐದು ನಿಮಿಷ ಇಡೋಕೆ ಹೇಳು” ಎಂದರು. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬಿನ ಮೈಯೆಲ್ಲ ಹೇಗೆ ನೀರಾಗುತ್ತದೆಂದು ಇಷ್ಟು ವರ್ಷ ಊಟಕ್ಕೆ ಕೂತವರು ನೋಡಿಲ್ಲವಲ್ಲ ಎಂದುಕೊಂಡೆ. ಹೊರಗಡೆ ಆಗುವ ಆ ನೀರು ಫೋನಿನ ಒಳಗೂ ಆಗುತ್ತದೆ. ಆ ತೋಟದ ಮನೆಯಲ್ಲಿ ಫ್ರಿಜ್ಜೂ ಇರಲಿಲ್ಲ ಎಂಬುದು ಬೇರೆ ಮಾತು.

ಅಷ್ಟರಲ್ಲಿ ಹನೂರಿನವಳು ಬೇರೊಂದು ಉಪಾಯ ಮಾಡಿದ್ದಳು. ಅವರದ್ದು ರೇಷ್ಮೆಹುಳು ಸಾಕುವ ಮನೆ. ಬೇಸಿಗೆಯಲ್ಲಿ ಹುಳುವಿನ ಮನೆಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸಿ ತಂಪು ಮಾಡುತ್ತಾರೆ. ಹುಳುವಿಗೆ ಒಗ್ಗುವುದು ಫೋನಿಗೂ ಒಗ್ಗಬೇಕಲ್ಲವೇ? ಗೋಣಿಯ ಒಂದು ತುಂಡು ಕತ್ತರಿಸಿ, ನೀರಲ್ಲಿ ಅದ್ದಿ, ಹಿಂಡಿ, ಫೋನಿಗೆ ಚೀಲದ ಹಾಗೆ ಹೊಲಿದುಬಿಟ್ಟಿದ್ದಳು. ಕ್ಯಾಮೆರಾಕ್ಕೆ ಒಂದು ಕಿಂಡಿ. ಎರಡು ದಿನ ಫೋಟೊಗಳು ಚೆನ್ನಾಗಿಯೇ ಬಂದವು. ಮೂರನೇ ದಿನ ಚಾರ್ಜಿಗೆ ಹಾಕಿದರೆ ಪರದೆಯ ಮೇಲೆ ನೀರಿನ ಹನಿಯ ಚಿತ್ರ ಬಂತು. ಚಾರ್ಜಿಂಗ್ ತೂತಿನಲ್ಲಿ ತೇವ ಸೇರಿತ್ತು, ಒಣಗುವವರೆಗೆ ಫೋನು ಕರೆಂಟು ತೆಗೆದುಕೊಳ್ಳುವುದಿಲ್ಲ.

“ನಮ್ಮತ್ತೆ ಏಳ್ಕೊಟ್ಟಿದ್ದು ಅಕ್ಕಾ,” ಎಂದಳು. “ಉಳನೇ ಕಾಪಾಡ್ತದೆ, ಇದೇನ್ ಮಹಾ ಅಂದ್ರು.”

ಫೋನನ್ನು ಬೇಗ ಒಣಗಿಸಬೇಕಿತ್ತು, ಚಾರ್ಜೂ ಮಾಡಬೇಕಿತ್ತು. ಅವರ ತೋಟದ ಮನೆಗೆ ಕರೆಂಟು ಬರುವುದು ಮೋಟಾರಿನ ಲೈನಿನಿಂದ, ಅದೂ ಹಗಲು ಹೊತ್ತು ತ್ರೀ ಫೇಸ್ ಕೊಟ್ಟಾಗ ಮಾತ್ರ. ಮನೆಯಲ್ಲಿದ್ದ ಒಂದೇ ಪ್ಲಗ್ಗಿನಿಂದ ಹುಳುವಿನ ಮನೆಯ ಕೂಲರಿಗೆ ವಯರು ಎಳೆದಿದ್ದರು, ಹುಳು ಇರುವಷ್ಟು ದಿನ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಹಾಗಾಗಿ ಅವಳು ಫೋನನ್ನು ಪಂಪ್‌ಸೆಟ್ ಶೆಡ್ಡಿಗೆ ಒಯ್ದು, ತಗಡಿನ ಮಾಡಿನ ಕೆಳಗೆ, ಸ್ಟಾರ್ಟರ್ ಡಬ್ಬಿಯ ಮೇಲೆ ಇಟ್ಟಳು. ಅಲ್ಲಿ ಬಿಸಿಗೆ ಬೇಗ ಒಣಗಿತು. ಹಾಗೇ ಅಲ್ಲೇ ಚಾರ್ಜಿಗೂ ಹಾಕಿದಳು. ದಿನವೂ ಅಲ್ಲೇ ಹಾಕತೊಡಗಿದಳು.

ಬಿಸಿಯಾದ ಬ್ಯಾಟರಿಗೆ ಕರೆಂಟು ಹಾಯಿಸುವುದೆಂದರೇನು ಎಂದು ಆಮೇಲೆ ನಾನು ಕೂತು ಓದಿದೆ. ಫೋನಿನ ಬ್ಯಾಟರಿ ಗಟ್ಟಿ ಡಬ್ಬಿಯಲ್ಲ. ಹಾಲಿನ ಪ್ಯಾಕೆಟ್ಟಿನ ಹಾಗೆ ಅಂಚು ಅಂಟಿಸಿದ ಒಂದು ತೆಳು ಚೀಲ. ಒಳಗೆ ಪದರ ಪದರ, ನಡುವೆ ಒಂದು ದ್ರವ. ಕಾವು ಮಿತಿ ಮೀರಿದಾಗ ಆ ದ್ರವ ಕೆಟ್ಟು ಅನಿಲವಾಗುತ್ತದೆ. ಅನಿಲಕ್ಕೆ ಹೊರಗೆ ಹೋಗಲು ದಾರಿಯಿಲ್ಲ, ಚೀಲ ಉಬ್ಬುತ್ತದೆ. ಚಾರ್ಜು ಮಾಡುವಾಗ ಬ್ಯಾಟರಿ ತಾನೂ ಬಿಸಿಯಾಗುತ್ತದೆ. ಒಳಗಿನ ಬಿಸಿಗೆ ಹೊರಗಿನ ಬಿಸಿ ಸೇರಿದರೆ ಫೋನು ಚಾರ್ಜನ್ನು ನಿಧಾನ ಮಾಡುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ಅದು ಫೋನಿನ ಕೆಟ್ಟ ಬುದ್ಧಿಯಲ್ಲ, ಅದಕ್ಕಿರುವ ಅಲ್ಪಸ್ವಲ್ಪ ವಿವೇಕ. ನಮ್ಮ ಇಡೀ ಕಂಪನಿಯಲ್ಲಿ ಅಷ್ಟು ವಿವೇಕ ಇದ್ದುದು ಅದೊಂದಕ್ಕೇ.

ಒಂದು ಬೆಳಿಗ್ಗೆ ಅವಳು ಬಸ್ಸು ಹತ್ತಿ ನಮ್ಮ ಮನೆಗೇ ಬಂದಳು. ಫೋನನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು. ಪರದೆ ಒಂದು ಪಕ್ಕ ಬಾಯಿ ತೆರೆದಿತ್ತು, ಮೇಜಿನ ಮೇಲೆ ಇಟ್ಟರೆ ಸಮವಾಗಿ ಕೂರುತ್ತಿರಲಿಲ್ಲ. ಇಬ್ಬರೂ ಬಸ್ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವನು ಫೋನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ಬ್ಯಾಟ್ರಿ ಊದ್ಕಂಡದೆ ಮೇಡಂ. ಒಂಚೂರು ಒತ್ತುದ್ರೆ ಕುಂತ್ಕತದೆ” ಎಂದು ಎರಡೂ ಹೆಬ್ಬೆರಳು ಅದರ ಮೇಲಿಟ್ಟ.

“ದಯವಿಟ್ಟು ಒತ್ತಬೇಡಿ. ಅದು ಹೊತ್ಕೊಳ್ಳುತ್ತೆ.”

“ಅಂಗೆಲ್ಲ ಏನೂ ಆಗಲ್ಲ. ದಿನಾ ಎಷ್ಟ್ ಒತ್ತೀವಿ ನಾವು.”

ಅವನ ಬಲಗೈ ಹೆಬ್ಬೆರಳಿನ ಮೇಲೆ ಸುಟ್ಟು ಹೊಳೆಯುವ ಕಲೆಯಿತ್ತು. ಕೈಯಿಂದ ಫೋನು ತೆಗೆದುಕೊಂಡೆ. ಹೊರಡುವಾಗ ಅವನು ಚಿನ್ನದ ಬಣ್ಣದ ಒಂದು ಸ್ಟಿಕ್ಕರ್ ತೋರಿಸಿದ. ಅದನ್ನು ಅಂಟಿಸಿದರೆ ಫೋನು ಯಾವತ್ತೂ ಬಿಸಿಯಾಗುವುದಿಲ್ಲವಂತೆ. ಹನೂರಿನವಳು ಆಸೆಯಿಂದ ನನ್ನ ಮುಖ ನೋಡಿದಳು. “ಮದುವೆ ಆಮಂತ್ರಣದ ಮೇಲೆ ಅಂಟಿಸೋದಕ್ಕೆ ಚೆನ್ನಾಗಿರುತ್ತೆ” ಎಂದು ಕರೆದುಕೊಂಡು ಬಂದೆ. ಮನೆಯ ಹಿತ್ತಲಿನಲ್ಲಿ ಒಂದು ಹಳೆಯ ಮಡಕೆಗೆ ಒಣ ಮರಳು ತುಂಬಿ, ಫೋನನ್ನು ಅದರಲ್ಲಿ ಹೂತು, ಮಗ್ಗುಲಲ್ಲಿ ಏನೂ ಇಲ್ಲದ ಜಾಗದಲ್ಲಿಟ್ಟೆ.

ಅಧಿಕಾರಿಗೆ ಹೇಳಿದಾಗ ಅವರು ತೀರ್ಪು ಕೊಡಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ.

“ನೆಗ್ಲಿಜೆನ್ಸ್ ಮೇಡಂ. ನೀರಿಗೆ ಹಾಕಿದ್ದಾಳೆ, ಮೋಟಾರ್ ಮೇಲೆ ಇಟ್ಟಿದ್ದಾಳೆ. ಒಂದು ಹೊಸ ಫೋನ್ ಕಳಿಸ್ತೀನಿ. ಅದೂ ಹಾಳಾದ್ರೆ ಅವಳನ್ನ ತೆಗೆದುಹಾಕಿ. ಮನೆಯವ್ರಿಗೂ ನಾನೇ ಫೋನ್ ಮಾಡಿ ಹೇಳ್ತೀನಿ.”

ಮನೆಯವರಿಗೆ ಫೋನು ಎಂದರೆ ಅತ್ತೆಗೆ ದೂರು. ಅತ್ತೆಗೆ ದೂರು ಎಂದರೆ ಸ್ಕೂಟರಿನ ಬೀಗದ ಕೈ ಹೋಯಿತು. ಅದು ಅವರಿಗೆ ತಿಳಿದಿರಲಿಲ್ಲ, ತಿಳಿಯುವ ಅಗತ್ಯವೂ ಅವರಿಗೆ ಕಂಡಿರಲಿಲ್ಲ.

ಹೊಸ ಫೋನು ಬಂದ ವಾರ ನಾನೇ ಹನೂರಿನ ಬಸ್ಸು ಹತ್ತಿದೆ. ಕೊಡೆ, ಮಜ್ಜಿಗೆ, ಒಂದು ಟವೆಲು. ಮನೆಯ ಮುಂದೆ ಅತ್ತೆ ಕುಳಿತಿದ್ದರು. ದೊಡ್ಡ ಕುಂಕುಮ, ಸೊಂಟದಲ್ಲಿ ಎಲೆ ಅಡಿಕೆ ಚೀಲ. ಹುಳುವಿನ ಮನೆಯ ಬಾಗಿಲಿನತ್ತ ನಾನು ಒಂದು ಹೆಜ್ಜೆ ಇಟ್ಟದ್ದೇ ತಡ, ಕೈ ಅಡ್ಡ ಹಿಡಿದರು.

“ಒಳಿಕ್ ಬರ್ಬ್ಯಾಡ ಕಣವ್ವ. ಉಳ ಜ್ವರದಲ್ಲಿ ಮಲಗವೆ. ನೀನು ಪೌಡ್ರು ಆಕಂಡಿದ್ದೀಯೆ, ವಾಸ್ನೆಗೇ ಸತ್ತೋಯ್ತವೆ.”

ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ಸುಮ್ಮನೆ ಮಲಗುವುದಕ್ಕೆ ರೇಷ್ಮೆಯವರು ಜ್ವರ ಎನ್ನುತ್ತಾರೆ. ಹೊರಗೇ ನಿಂತೆ. ಬಾಗಿಲಿನ ಸಂದಿಯಿಂದ ಬಂದ ಗಾಳಿ ಮಾತ್ರ ಎಷ್ಟು ತಂಪಾಗಿತ್ತೆಂದರೆ ಆ ಅಜ್ಜಿ ನನ್ನನ್ನು ಹುಳುವೆಂದು ಪರಿಗಣಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಒಳಗಿನ ಗೋಡೆಗೆ ನೇತುಹಾಕಿದ್ದ ಥರ್ಮಾಮೀಟರನ್ನು ಸ್ವಲ್ಪ ಹೊತ್ತು ಕೊಡಿ ಎಂದು ಕೇಳಿದೆ. ಹಿಂದೆಮುಂದೆ ನೋಡಿ ಕೊಟ್ಟರು.

ಮಧ್ಯಾಹ್ನ ನಾವಿಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಅವಳು ಮಾಡುವುದನ್ನೆಲ್ಲ ನಾನು ಮಾತಾಡದೆ ನೋಡಿದೆ. ಫೋನು ಹ್ಯಾಂಡಲ್ಲಿಗೆ ಕಟ್ಟಿದ ಸ್ಟ್ಯಾಂಡಿನಲ್ಲಿ, ಬಿಸಿಲಿಗೆ ಮುಖ ಮಾಡಿಕೊಂಡು. ತೋಟದಿಂದ ತೋಟಕ್ಕೆ ಹೋಗುವಾಗಲೂ ಆ್ಯಪ್ ತೆರೆದೇ ಇತ್ತು, ಮುಚ್ಚಿದರೆ ಮತ್ತೆ ತೆರೆಯಲು ಸಿಗ್ನಲ್ ಸಿಗುವುದಿಲ್ಲ. ಬಾಳೆತೋಟದ ಬದುವಿನಲ್ಲಿ ಅವಳು ಫೋಟೊ ತೆಗೆಯುತ್ತಿದ್ದಾಗ ನಾನು ಥರ್ಮಾಮೀಟರನ್ನು ಸ್ಕೂಟರಿನ ಸೀಟಿನ ಮೇಲಿಟ್ಟೆ. ಹುಳುವಿನ ಮನೆಯಲ್ಲಿ ಇಪ್ಪತ್ತಾರರಲ್ಲಿದ್ದ ಗೆರೆ ನೋಡನೋಡುತ್ತ ಏರಿ ಮೇಲಿನ ತುದಿ ಮುಟ್ಟಿತು. ಒಡೆದೀತೆಂದು ಹೆದರಿ ಎತ್ತಿಕೊಂಡೆ. ಅದೇ ಹೊತ್ತಿಗೆ ಹೊಸ ಫೋನು, ತಣ್ಣಗಾಗುವವರೆಗೆ ಕ್ಯಾಮೆರಾ ತೆರೆಯುವುದಿಲ್ಲ ಎಂದು ಹೇಳಿ ಕಪ್ಪಾಯಿತು.

“ನೋಡುದ್ರಾ ಅಕ್ಕಾ. ಇನ್ನ ಇದೂ ಊದ್ಕಂಡ್ರೆ ನನ್ ಕತೆ ಮುಗೀತು.”

ಮಜ್ಜಿಗೆ ಕೊಟ್ಟೆ. ಆ ಹುಡುಗಿಯ ತಲೆಗೆ ಒಂದು ಕೊಡೆಯನ್ನೂ ಯೋಚಿಸದ ಕಂಪನಿ, ಎಲೆಯ ಕೆಳಗೆ ನೆರಳು ಬೀಳಬಾರದೆಂದು ಯೋಚಿಸಿತ್ತು.

ಪರಿಹಾರ ಹೊಳೆದದ್ದು ಮಾರನೆಯ ದಿನ, ನಮ್ಮ ಮನೆಯ ಮುಂದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಬೆಳಕು ಹರಿದಿತ್ತು, ಬಿಸಿಲು ಇನ್ನೂ ಬಿದ್ದಿರಲಿಲ್ಲ. ರಂಗೋಲಿಯ ಒಂದೊಂದು ಎಳೆಯೂ ಸ್ಪಷ್ಟವಾಗಿ ಕಾಣುತ್ತಿತ್ತು. ನೆಲದ ಮೇಲೆ ನನ್ನ ಕೈಯ ನೆರಳು ಇರಲಿಲ್ಲ. ಕೈಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿದೆ. ಎಲ್ಲೂ ನೆರಳಿಲ್ಲ. ಒಳಗಿನಿಂದ ಫೋನು ತಂದು ದಾಸವಾಳದ ಗಿಡದ ಎಲೆಗಳ ಫೋಟೊ ತೆಗೆದೆ. ಎಲೆಯ ನರ ನರವೂ ಬಂದಿತ್ತು. ಸೂರ್ಯ ಹುಟ್ಟುವ ಮೊದಲು ಒಂದಿಷ್ಟು ಹೊತ್ತು, ಮುಳುಗಿದ ಮೇಲೆ ಒಂದಿಷ್ಟು ಹೊತ್ತು, ದಿನಕ್ಕೆ ಎರಡು ಬಾರಿ ಲೋಕದಲ್ಲಿ ಯಾರಿಗೂ ನೆರಳಿರುವುದಿಲ್ಲ. ಬಾಗಿಲಿಗೆ ನೀರು ಹಾಕುವ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಆದರೆ ಕೇಳುವುದೆಂದರೆ ಆ ಜನಕ್ಕೆ ಅವಮಾನ.

ಅನುಮತಿ ಕೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಕೇಳಲಿಲ್ಲ. ಐದೂ ಜನಕ್ಕೆ ನಾನೇ ಹೇಳಿದೆ: ಇನ್ನು ಮೇಲೆ ಬಿಸಿಲು ಬೀಳುವ ಮೊದಲು, ಬಿಸಿಲು ಇಳಿದ ಮೇಲೆ. ರಬ್ಬರ್ ಕವರು ತೆಗೆದಿಡಿ. ಫೋಟೊಗಳನ್ನು ತೋಟದಿಂದಲೇ ಕಳಿಸಬೇಡಿ, ಮನೆಗೆ ಬಂದು ಸಿಗ್ನಲ್ ಇರುವಲ್ಲಿ ಕಳಿಸಿ. ಮುಟ್ಟಿದರೆ ಬಿಸಿ ಇರುವ ಫೋನನ್ನು ಚಾರ್ಜಿಗೆ ಹಾಕಬೇಡಿ. ನೀರು ಬೇಡ, ಫ್ರಿಜ್ಜು ಬೇಡ, ನೆರಳಲ್ಲಿ ಸುಮ್ಮನೆ ಬಿಡಿ.

ಹನೂರಿನವಳ ಚಾರ್ಜಿಂಗ್ ಸಮಸ್ಯೆ ಮಾತ್ರ ಉಳಿಯಿತು. ಕರೆಂಟು ಹಗಲು ಮಾತ್ರ. ಹಗಲು ಅಲ್ಲಿ ತಂಪಾದ ಜಾಗ ಒಂದೇ, ಹುಳುವಿನ ಮನೆ. ಅತ್ತೆಯ ಜೊತೆ ನಾನೇ ಫೋನಿನಲ್ಲಿ ಮಾತಾಡಿದೆ.

“ಫೋನು ಒಳಿಕ್ ಬಂದ್ರೆ ಉಳಕ್ಕೆ ಆಗ್ಬರಲ್ಲ ಕಣವ್ವ.”

“ಫೋನಿಗೆ ವಾಸನೆ ಇಲ್ಲ ಅಮ್ಮ. ಪೌಡರೂ ಹಾಕ್ಕೊಂಡಿರಲ್ಲ.”

ಆ ಕಡೆ ಅವರು ಎಲೆ ಅಡಿಕೆ ಉಗಿದ ಸದ್ದು ಕೇಳಿಸಿತು.

“ಕೂಲರ್ ವಯರ್‌ಗೆ ಇನ್ನೊಂದ್ ಪ್ಲಗ್ಗು ಆಕುಸ್ತೀನಿ. ಬಾಗ್ಲತ್ರ ಗ್ವಾಡೆ ಗೂಡಲ್ಲಿ ಇಟ್ಕಳ್ಳಿ. ಸದ್ದು ಗಿದ್ದು ಮಾಡ್ಕೂಡ್ದು. ಬೆಳಗ್ಗೆ ಅವ್ಳು ಒಬ್ಳೇ ಓಗದ್ ಬ್ಯಾಡ, ಆನೆ ಕಾಟ. ಸೊಪ್ಪು ಕುಯ್ಯವ್ರು ಓಗೋ ಒತ್ಗೆ ಜತೇಲಿ ಓಗ್ಲಿ.”

ಹೀಗೆ, ಕಂಪನಿಯ ಯಾವ ಅಧಿಕಾರಿಯೂ ಕೊಡದ ಸೂಚನೆಗಳನ್ನು ಆ ಅಜ್ಜಿ ಒಂದೇ ಉಸಿರಿನಲ್ಲಿ ಕೊಟ್ಟು ಫೋನು ಇಟ್ಟರು.

ಎಲ್ಲ ಸರಾಗವಾಗಲಿಲ್ಲ. ಯಳಂದೂರಿನ ಒಬ್ಬರಿಗೆ ಬೆಳಿಗ್ಗೆ ಮಕ್ಕಳನ್ನು ಹೊರಡಿಸುವ ಗಡಿಬಿಡಿ, ಅವರು ಸಂಜೆಯಷ್ಟೇ ಹೋದರು. ಕಾಮಗೆರೆಯವರ ಮೊದಲ ದಿನದ ಫೋಟೊಗಳು ಕತ್ತಲಾಗಿ ಎಲ್ಲ ತೆಗೆದುಹಾಕಬೇಕಾಯಿತು. ಆದರೆ ಮೇ ತಿಂಗಳು ಕಳೆಯುವ ಹೊತ್ತಿಗೆ ನಮ್ಮ ಐದು ಜನರ ಫೋಟೊಗಳು ಬೇರೆಲ್ಲ ಕಡೆಗಿಂತ ಹೆಚ್ಚು ಬರುತ್ತಿದ್ದವು. ಸಮಯ ಬದಲಾಗಿದೆಯೆಂದು ಮೇಲೆ ಯಾರೂ ಗಮನಿಸಲಿಲ್ಲ. ಪ್ರತಿ ಫೋಟೊದ ಮೂಲೆಯಲ್ಲಿ ಗಂಟೆ ನಿಮಿಷ ಅಚ್ಚಾಗಿರುತ್ತಿತ್ತು. ತಮ್ಮ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡುವ ಕನಿಷ್ಠ ಆಸಕ್ತಿಯೂ ಅದನ್ನು ಮಾಡಿದವರಿಗೆ ಇರಲಿಲ್ಲ.

ಆಮೇಲೆ ಅಧಿಕಾರಿಯ ಕರೆ ಬಂತು. ದನಿಯಲ್ಲಿ ಬೆಣ್ಣೆ.

“ಮೇಡಂ, ನಾಳೆ ಹೆಡ್ ಆಫೀಸಿನವರ ಜೊತೆ ವಿಡಿಯೊ ಮೀಟಿಂಗ್. ನಮ್ಮ ಏರಿಯಾ ಹೇಗೆ ಇಂಪ್ರೂವ್ ಆಯ್ತು ಅಂತ ಕೇಳ್ತಾರೆ.”

ಸಮಯ ಬದಲಿಸಿದ್ದನ್ನು ಆಗ ಹೇಳಿದೆ.

“ಸರಿ. ಅದನ್ನ ನಾನು ಎಲ್ಲಾ ಕಡೆಗೂ ಅಪ್ರೂವ್ ಮಾಡಿಸ್ತೀನಿ. ಆದ್ರೆ ಆ ಹಾಳಾದ ಫೋನಿಗೆ ಒಂದು ಕಾರಣ ಬೇಕಲ್ಲ. ಹನೂರಿನವಳ ತಪ್ಪು ಅಂತ ನೀವೊಂದು ಮಾತು ಹೇಳಿಬಿಡಿ. ಅವಳನ್ನ ಬಿಟ್ಟು ಬೇರೆ ಯಾರನ್ನಾದ್ರೂ ತಗೊಳ್ಳೋಣ. ನೀವು ಓದಿದವರು, ಅರ್ಥ ಮಾಡ್ಕೋತೀರ.”

ಓದಿದವರಿಗೆ ಮಾತ್ರ ಅರ್ಥವಾಗುವ ಈ ಬಗೆಯ ಮಾತನ್ನು ನಾನು ಬಹಳ ಕೇಳಿದ್ದೇನೆ. ಇನ್ನೊಬ್ಬರನ್ನು ಬಿಟ್ಟುಕೊಡಿ ಎಂದು ಮರ್ಯಾದೆಯಾಗಿ ಹೇಳುವ ಕ್ರಮ ಅದು.

ಮಾರನೆಯ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕುಕ್ಕರ್ ಆರಿಸಿ, ಮೇಜಿನ ಮುಂದೆ ಕೂತೆ. ಪರದೆಯ ತುಂಬ ಚಿಕ್ಕ ಚಿಕ್ಕ ಚೌಕಗಳಲ್ಲಿ ಮುಖಗಳು. ಅಧಿಕಾರಿ ಬಿಗಿ ಶಿಸ್ತಿನಿಂದ ಸುಧಾರಣೆ ತಂದದ್ದನ್ನು ವಿವರಿಸಿದರು. ನಿರ್ಲಕ್ಷ್ಯ ಮಾಡಿದ ಕಾರ್ಯಕರ್ತೆಯನ್ನು ಗುರುತಿಸಲಾಗಿದೆ, ಮೇಡಂ ಹೇಳುತ್ತಾರೆ ಎಂದರು. ಅವರು ಮಾತು ಮುಗಿಸುವವರೆಗೆ ಕಾದೆ.

ಆಮೇಲೆ ನಿಧಾನವಾಗಿ ಹೇಳಿದೆ. “ಆ ಫೋನು ಹಾಳಾದದ್ದು ಮಧ್ಯಾಹ್ನದ ಬಿಸಿಲಿನಲ್ಲಿ ಫೋಟೊ ತೆಗೆಯಬೇಕೆಂಬ ನಮ್ಮ ನಿಯಮದಿಂದ. ಬಿಸಿಯಾಗುತ್ತಿದೆ ಎಂದು ಕಾರ್ಯಕರ್ತೆ ಮೊದಲೇ ತಿಳಿಸಿದ್ದರು. ನಾನು ಸರ್‌ಗೆ ತಿಳಿಸಿದ್ದೆ. ರೀಸ್ಟಾರ್ಟ್ ಮಾಡಿ ಎಂದರು. ಸಮಯ ಬದಲಿಸಿದ್ದು ನಾನು, ಯಾರನ್ನೂ ಕೇಳದೆ. ಅದಕ್ಕೆ ಏನಾದರೂ ಹೇಳುವುದಿದ್ದರೆ ನನಗೆ ಹೇಳಿ. ಅವರ ಕೆಲಸದಲ್ಲಿ ತಪ್ಪಿಲ್ಲ, ಇದನ್ನು ನೀವೆಲ್ಲ ಕೇಳಿಸಿಕೊಂಡಿದ್ದೀರಿ.”

ಒಬ್ಬ ದೊಡ್ಡವರು ಕನ್ನಡಕ ತೆಗೆದು ಒರೆಸಿಕೊಂಡು, ನೋಟೆಡ್ ಎಂದರು. ಮುಂದಿನ ವಿಷಯಕ್ಕೆ ಹೋದರು.

ವಾರ ಕಳೆದ ಮೇಲೆ ಹೊಸ ಸಮಯದ ಸುತ್ತೋಲೆ ಎಲ್ಲ ಜಿಲ್ಲೆಗಳಿಗೂ ಹೋಯಿತು, ಅಧಿಕಾರಿಯ ಹೊಸ ಚಿಂತನೆಯೆಂದು. ಮತ್ತೊಂದು ಬೆಳಿಗ್ಗೆ ನನ್ನ ಲ್ಯಾಪ್‌ಟಾಪಿನಲ್ಲಿ ಕಂಪನಿಯ ಪುಟ ತೆರೆದುಕೊಳ್ಳಲಿಲ್ಲ. ಪಾಸ್‌ವರ್ಡ್ ತಪ್ಪಿದೆ ಎಂದಿತು. ಕೆಲಸದಿಂದ ತೆಗೆದಿದ್ದೇವೆ ಎಂದು ಫೋನು ಮಾಡಿ ಹೇಳುವಷ್ಟು ಎದೆಗಾರಿಕೆ ಅವರಿಗೆ ಇರುತ್ತದೆಂದು ನಾನೂ ಎಣಿಸಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಮೇಜಿನ ಮೇಲೆ ಹುರುಳಿಕಾಯಿ ಹರಡಿಕೊಂಡು ಬಿಡಿಸಲು ಕೂತೆ.

ಹನೂರಿನವಳು ಆಮೇಲೊಂದು ದಿನ ಫೋನು ಮಾಡಿದಳು.

“ಅಕ್ಕಾ, ಆ ಸಾರು ಫೋನ್ ಮಾಡಿದ್ರು. ನಿಮ್ ಜಾಗಕ್ಕೆ ನನ್ನೇ ನೋಡ್ಕ ಅಂತಾವ್ರೆ. ನಮ್ಮತ್ತೆ ಕುಸಿಯಾಗವ್ರೆ, ಸ್ಕೂಟ್ರಿಗೆ ಊವ ಮುಡ್ಸವ್ರೆ. ನಂಗೇ ಮನ್ಸಿಲ್ಲ. ನಿಮ್ಗೆ ಬ್ಯಾಸ್ರ ಆಗಲ್ವಾ?”

“ಇಲ್ಲಮ್ಮ. ಒಪ್ಕೊ. ಆದ್ರೆ ಒಂದು ತಿಳ್ಕೊ. ನೀನು ಎದುರು ಮಾತಾಡಲ್ಲ ಅಂತಲೇ ನಿನ್ನನ್ನ ಆರಿಸಿರೋದು. ನಾಳೆ ಇನ್ಯಾವುದಾದ್ರೂ ಫೋನು ಊದಿದ್ರೆ, ಉಳಿದ ನಾಲ್ಕು ಜನರಲ್ಲಿ ಒಬ್ಬರ ತಪ್ಪು ಅಂತ ನಿನ್ನ ಬಾಯಿಂದ ಹೇಳಿಸ್ತಾರೆ.”

“ಏಳ್ಸದಾ? ನಾನು ನಮ್ಮತ್ತೇಗೇ ಎದುರು ಮಾತಾಡ್ಕಂಡು ಬಾಳ್ವೆ ಮಾಡ್ತಿವ್ನಿ ಅಕ್ಕಾ,” ಎಂದಳು. “ಇವ್ನ್ಯಾವ್ ಲೆಕ್ಕ.”